ಸಪ್ಪೆ ಮಣ್ಣು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಗಾಜು ಒರೆಸಿ ಫೋಟೋ. ಬೇರು ಹೊರಗೇ ಕಾಣುವ ಹನ್ನೆರಡು ಗಾಜಿನ ಪೆಟ್ಟಿಗೆ, ಎಲ್ಲದರಲ್ಲೂ ಟೊಮೆಟೊ ಸಸಿ. ಬರೀ ಬಡಕಲು ಮಣ್ಣಾದರೆ ಬೇರು ಹಸಿವಿಗೆ ನವಿರು ಕೂದಲು ಬಿಟ್ಟು ತಡಕಾಡುತ್ತದೆ. ಉಪ್ಪೂ ಸೇರಿತೋ — ಕೂದಲಿಲ್ಲ, ಮುಖ ತಿರುಗಿಸಿ ಪಕ್ಕಕ್ಕೆ ಓಟ. ಕಂಪನಿ ಪರೀಕ್ಷೆಗೆ ಕೊಟ್ಟ ಟಾನಿಕ್ ಬುಡದಲ್ಲೇ ಇದ್ದರೂ ಮೂಸಿಲ್ಲ. ಉಪ್ಪು ನೆಲಕ್ಕೆ ರಾಮಬಾಣವಂತೆ. ಮಣ್ಣಾಂಗಟ್ಟಿ.

ಆರನೆಯ ಪೆಟ್ಟಿಗೆಯ ಬೇರು ಮಾತ್ರ ನೆಟ್ಟಗೆ ಕೆಳಗಿಳಿದಿದೆ. ಅನುಮಾನ ಬಂತು. ಚಿಟಿಕೆ ಮಣ್ಣು ನಾಲಿಗೆಗಿಟ್ಟೆ. ಸಪ್ಪೆ. ಉಪ್ಪು ಹಾಕುವುದನ್ನೇ ಮರೆತಿದ್ದೇನೆ. ಥೂ.

ಮಾರ್ಚ್ 5

ಲ್ಯಾಬಿನ ಸಾಹೇಬರಿಗೆ ಹೇಳಿದೆ — ತಪ್ಪು ನನ್ನದು, ಆರನೆಯದನ್ನು ಬಿಟ್ಟುಬಿಡೋಣ. ಅವರು ಆ ಫೋಟೋವನ್ನೇ ದೊಡ್ಡದು ಮಾಡಿ ನೋಡುತ್ತಿದ್ದರು.

"ಇದನ್ನೇ ಪೋಸ್ಟರಿಗೆ ಹಾಕೋಣ."

"ಸರ್, ಅದರಲ್ಲಿ ಉಪ್ಪೇ ಇಲ್ಲ."

"ಫೋಟೋದಲ್ಲಿ ಉಪ್ಪು ಕಾಣುತ್ತೇನಮ್ಮ? ಈ ಲ್ಯಾಬ್ ನಡೀತಿರೋದೇ ಕಂಪನಿಯಿಂದ. ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೀಬೇಕು."

ಉಪ್ಪಿನ ಗಾದೆ, ಅದೂ ನನಗೆ. ಮೈಯೆಲ್ಲ ಉರಿಯಿತು.

ಮಾರ್ಚ್ 9

ಅಕ್ಕನ ಫೋನ್. ಅವಳ ನರ್ಸರಿಗೆ ಉಪ್ಪುನೀರು ನುಗ್ಗಿ ಅರ್ಧ ಸಸಿ ಸತ್ತಿವೆ. ಉಳಿದರ್ಧಕ್ಕೆ ಈ ಟಾನಿಕ್ಕೇ ಗತಿಯಂತೆ.

"ಹಾಕ್ಬೇಡ" ಎಂದೆ.

"ಪೋಸ್ಟರಲ್ಲಿ ನಿನ್ನ ಹೆಸರೇ ಇದೆಯಲ್ಲೇ. ನಿನ್ನ ಮಾತು ನಂಬ್ಲಾ, ನಿನ್ನ ಪೋಸ್ಟರ್ ನಂಬ್ಲಾ?"

ಹೆಸರು ಹಾಕುವ ಮುಂಚೆ ನನ್ನನ್ನು ಒಂದು ಮಾತು ಕೇಳಿಲ್ಲ.

ಮಾರ್ಚ್ 14, ಸಂಜೆ

ಬೆಳೆಗಾರರ ಸಭೆ. ಮುಂದಿನ ಸಾಲಿನಲ್ಲಿ ಅಕ್ಕ. ಮೇಜಿನ ಮೇಲೆ ಆರನೆಯ ಪೆಟ್ಟಿಗೆ. "ಇಷ್ಟು ಉಪ್ಪಿನಲ್ಲೂ ಬೇರು ನೋಡಿ" ಎಂದರು ಸಾಹೇಬರು, ಎದೆಯುಬ್ಬಿಸಿ.

ಎದ್ದುಹೋಗಿ ಮುಚ್ಚಳ ತೆಗೆದೆ. ಚಿಟಿಕೆ ಮಣ್ಣು ಅಕ್ಕನ ಅಂಗೈಗೆ ಹಾಕಿದೆ.

"ರುಚಿ ನೋಡು."

ನೋಡಿದಳು. ಉಗಿದಳು. "ಸಪ್ಪೆ ಇದೆಯಲ್ಲೇ" ಎಂದಳು, ಎಲ್ಲರಿಗೂ ಕೇಳುವಂತೆ. ಅಕ್ಕಪಕ್ಕದವರೂ ಕೈ ಚಾಚಿದರು. ಸಾಹೇಬರಿಗೂ ಒಂದು ಚಿಟಿಕೆ ಹಿಡಿದೆ. ತೆಗೆದುಕೊಳ್ಳಲಿಲ್ಲ.

ಮಾರ್ಚ್ 21

ಲ್ಯಾಬಿನ ಬೀಗದ ಕೈ ಕಿತ್ತುಕೊಂಡರು. ನಾಲ್ಕು ವರ್ಷದ ಕೆಲಸ ಒಳಗೇ ಉಳಿಯಿತು. ಅತ್ತುಬಿಟ್ಟೆ, ಸಿಟ್ಟಿಗೆ. ಅಕ್ಕ ಉಳಿದ ಸಸಿಗಳನ್ನು ಉಪ್ಪುನೀರು ತಾಗದ ಎತ್ತರದ ಮಡಿಗೆ ಬದಲಿಸುತ್ತಿದ್ದಾಳೆ, ನಾಳೆ ಹೋಗಬೇಕು.

ಈಗ ಸಾಹೇಬರ ಮೆಸೇಜ್ — "ಉಂಡ ಮನೆಗೆ ಎರಡು ಬಗೆದೆ." ಇನ್ನೂ ಗಾದೆ ಮುಗಿದಿಲ್ಲ ಇವರದು. ನನಗೂ ಒಂದು ಗೊತ್ತು. ಕಳಿಸುವ ಮುಂಚೆ ಇಲ್ಲಿ ಬರೆದು ನೋಡುತ್ತೇನೆ —

ಸರ್, ಉಪ್ಪು ತಿಂದವರು…