ಧ್ರುವನಕ್ಷತ್ರ ಪದಕದ ಹಿಂಬದಿ

ಬೀದರ
30 ಫೆಬ್ರವರಿ 2203

ಮಾನ್ಯ ಕಾಶಪ್ಪ ಹಳ್ಳಿಖೇಡ ಅವರಿಗೆ,

ಮೇಲಿನ ತಾರೀಖು ಕೈತಪ್ಪಲ್ಲ. ಬಿಸಿಲಿನ ಪಾಳಿಗಳನ್ನು ಸಮನಾಗಿ ಹಂಚಲು ತಿಂಗಳುಗಳನ್ನು ತಿದ್ದಿ ಎಂಬತ್ತು ವರ್ಷಗಳಾದವು; ನಮ್ಮ ಫೆಬ್ರವರಿಗೆ ಮೂವತ್ತು ದಿನ. ಪತ್ರದಲ್ಲಿ ನಿಮ್ಮ ಕಾಲದಲ್ಲಿ ಇಲ್ಲದ ಕೆಲವು ಪದಗಳು ಬರುತ್ತವೆ, ಕ್ಷಮಿಸಬೇಕು. ಬಂದಲ್ಲೇ ಅವುಗಳ ಅರ್ಥ ಹೇಳುತ್ತೇನೆ.

ನಾನು ನೀಲಾಂಬಿಕೆ, ನಿಮ್ಮಿಂದ ಏಳನೆಯ ತಲೆಮಾರಿನವಳು. ಬೀದರಿನ ಪದಕಖಾನೆಯ ಪಾಲಕಿ. ನೀವು ಬಿದರಿ ಕೆಲಸದ ಅಂಗಡಿಯ ಅಟ್ಟದ ಮೇಲಿಟ್ಟಿದ್ದ ಕಬ್ಬಿಣದ ಪೆಟ್ಟಿಗೆಯಿಂದಲೇ ಈ ಖಾನೆ ಶುರುವಾಯಿತು: ಇನ್ನೂರ ಹನ್ನೆರಡು ಸೋವಿಯತ್ ಮತ್ತು ಮಂಗೋಲಿಯನ್ ಪದಕಗಳು, ಎಪ್ಪತ್ತಾರು ಪ್ರಶಸ್ತಿ ಪುಸ್ತಿಕೆಗಳು, ನಿಮ್ಮ ಕೈಬರಹದ ಮೂರು ನೋಟ್‌ಬುಕ್. ಹೈದರಾಬಾದಿನ ಡಾಕ್ಟರೊಬ್ಬರು ಎನಾಮೆಲ್ ಒಡೆದ ಕೆಂಪು ನಕ್ಷತ್ರವೊಂದನ್ನು ರಿಪೇರಿಗೆ ತಂದದ್ದು, ಅದರ ಹಿಂಬದಿಯ ಸಂಖ್ಯೆ ಯಾರದೆಂದು ತಿಳಿಯಲು ನೀವು ರಷ್ಯನ್ ಅಕ್ಷರಗಳನ್ನು ಒಂದೊಂದಾಗಿ ಕಲಿತದ್ದು, ಹದಿನಾಲ್ಕು ತಿಂಗಳು ಪತ್ರ ಬರೆದ ಮೇಲೆ ಅದು ಗಾಯಾಳುಗಳನ್ನು ಹೊತ್ತು ನದಿ ದಾಟಿಸಿದ ಒಬ್ಬ ನರ್ಸಿನದೆಂದು ಗೊತ್ತಾದದ್ದು, ಎಲ್ಲವೂ ಮೊದಲ ನೋಟ್‌ಬುಕ್ಕಿನಲ್ಲಿದೆ. ನಾನು ಓದಲು ಕಲಿತದ್ದೇ ಅದರಲ್ಲಿ.

ಖಾನೆ ಈಗ ಊರಿನ ಹಳೆಯ ಸುರಂಗಬಾವಿಯೊಳಗಿದೆ. ಅದರೊಳಗೆ ನೀರು ಹರಿಯುತ್ತಿದ್ದ ನೆಲದಡಿಯ ಕಾಲುವೆ ಬತ್ತಿ ಐವತ್ತು ವರ್ಷಗಳಾದವು. ಕಾಗದ ಇಡುವುದಕ್ಕೆ ಊರಲ್ಲಿ ಅಷ್ಟು ತಂಪಾದ, ಒಣಗಿದ ಜಾಗ ಬೇರೆ ಇಲ್ಲ. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಮಾತ್ರ ನಾವು ಮೇಲೆ ಓಡಾಡುತ್ತೇವೆ. ಅದಕ್ಕೆ ನೆರಳುಪಾಳಿ ಎನ್ನುತ್ತಾರೆ. ಜೋಳವನ್ನು ಬಟ್ಟೆಯ ಚಪ್ಪರದಡಿ ಬೆಳೆಯುತ್ತೇವೆ. ತೆನೆ ಗೇಣುದ್ದ ಬಂದರೆ ನೋಡಲು ಜನ ಸೇರುತ್ತಾರೆ. ವಾರಕ್ಕೊಮ್ಮೆ ಊರ ನಡುವಿನ ಚೌಬಾರ ಗೋಪುರದ ಗೋಡೆಗೆ ಒಂದು ಹಾಳೆಯ ಪತ್ರಿಕೆ ಅಂಟಿಸುತ್ತಾರೆ. ಯಾವ ಬಾವಿ ಬತ್ತಿತು, ಯಾರು ಊರು ಬಿಟ್ಟರು ಎಂಬುದೇ ಅದರಲ್ಲಿ ಹೆಚ್ಚು. ಬಿದರಿ ಕೆಲಸ ಉಳಿದಿಲ್ಲ. ಲೋಹ ಕಪ್ಪಾಗಿಸುವ ಕೋಟೆಯ ಮಣ್ಣು ಇದೆ, ಎರಕಕ್ಕೆ ಸತುವು ಇಲ್ಲ.

ಪದಕಗಳಿಗೆ ಈಗ ಬಂದಿರುವ ಮಹತ್ವ ನಿಮಗೆ ವಿಚಿತ್ರ ಎನಿಸಬಹುದು. ನಿಮ್ಮ ಮೊಮ್ಮಕ್ಕಳ ಕಾಲವನ್ನು ನಾವು ನಕಲುಗಾಲ ಎನ್ನುತ್ತೇವೆ. ಯಾವ ದಾಖಲೆಯನ್ನಾದರೂ, ಯಾವ ಚಿತ್ರವನ್ನಾದರೂ, ಯಾರ ದನಿಯನ್ನಾದರೂ ಯಂತ್ರಗಳು ಕ್ಷಣದಲ್ಲಿ ಹುಟ್ಟಿಸಿದವು. ಜನನ ಪತ್ರ, ಜಮೀನಿನ ಪಹಣಿ, ಎಲ್ಲದರ ನೂರು ಪ್ರತಿಗಳು ಸಿಕ್ಕವು, ನಿಜವಾದದ್ದು ಯಾವುದೆಂದು ಹೇಳುವವರು ಸಿಗಲಿಲ್ಲ. ಕೊನೆಗೆ ನ್ಯಾಯಾಲಯಗಳು ಒಂದನ್ನೇ ಒಪ್ಪತೊಡಗಿದವು. ಬಹಳ ಕಾಲ ಬೇರೆ ಬೇರೆ ಕೈಗಳಲ್ಲಿದ್ದ ಎರಡು ಹಳೆಯ ವಸ್ತುಗಳು ಒಂದನ್ನೊಂದು ಹೌದೆನ್ನಬೇಕು. ಇದನ್ನು ಜೋಡಿಸಾಕ್ಷಿ ಎನ್ನುತ್ತಾರೆ. ಪದಕದ ಹಿಂಬದಿಯಲ್ಲಿ ಸಂಖ್ಯೆ, ಪುಸ್ತಿಕೆಯಲ್ಲಿ ಅದೇ ಸಂಖ್ಯೆ, ಪಕ್ಕದಲ್ಲಿ ಹೆಸರು, ಊರು, ಮಾಡಿದ ಕೆಲಸ. ನೀವು ಹವ್ಯಾಸವೆಂದು ಮಾಡಿದ ಕೆಲಸ ನಮಗೆ ಕಾನೂನಾಗಿದೆ.

ಕಳೆದ ಕಾರ್ತಿಕದಲ್ಲಿ ಖುಲಾನ್ ಎಂಬ ಹೆಂಗಸು ಮಂಗೋಲಿಯಾದಿಂದ ಬಂದಳು. ದಾರಿಯಲ್ಲಿ ಹನ್ನೊಂದು ತಿಂಗಳು ಕಳೆದಿದ್ದವು. ಅವಳ ಕಡೆಯ ನಲವತ್ತೊಂದು ಜನ ಮರುಭೂಮಿಯ ಅಂಚಿನಲ್ಲಿ ಡೇರೆ ಹಾಕಿ ಕಾಯುತ್ತಿದ್ದಾರೆ. ಉತ್ತರದಲ್ಲಿ ಇನ್ನೂ ನೀರಿರುವ ಕಣಿವೆಗಳನ್ನು ಹಂಚುವ ಮಂಡಳಿಯೊಂದಿದೆ. ಪೂರ್ವಜರು ಆ ಕಣಿವೆಯಲ್ಲೇ ಇದ್ದರೆಂದು ತೋರಿಸಿದವರಿಗೆ ಮಾತ್ರ ಒಳಗೆ ಬಿಡುತ್ತದೆ. ಅರ್ಜಿಯ ಕೊನೆಯ ದಿನ ಈ ತಿಂಗಳ ಇಪ್ಪತ್ತೈದು ಆಗಿತ್ತು. ಖುಲಾನಳ ಪೂರ್ವಜ ದಮ್ದಿನ್ ಆ ಕಣಿವೆಯಲ್ಲಿ ಹತ್ತೊಂಬತ್ತು ಬಾವಿ ತೋಡಿದವನು. ಅದಕ್ಕಾಗಿ 1961ರಲ್ಲಿ ಅವನಿಗೆ ಧ್ರುವನಕ್ಷತ್ರ ಪದಕ ಸಿಕ್ಕಿತ್ತು. ಕಷ್ಟಕಾಲದಲ್ಲಿ ಮನೆಯವರು ಪದಕ ಮಾರಿದರು, ಪುಸ್ತಿಕೆ ಉಳಿಸಿಕೊಂಡರು. ಅದನ್ನು ಅವಳು ಕುರಿಯ ಚರ್ಮದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ತಂದಿದ್ದಳು. ಪದಕ ಕೈಯಿಂದ ಕೈಗೆ ಹೋಗಿ ಬೀದರ ಸೇರಿದ್ದನ್ನು ವ್ಯಾಪಾರಿಗಳ ಹಳೆಯ ಪಟ್ಟಿಗಳಿಂದ ಪತ್ತೆ ಮಾಡಿದ್ದಳು. ನಿಮ್ಮ ಪಟ್ಟಿಯಲ್ಲಿ ಅದು 143ನೆಯದು.

ಪುಸ್ತಿಕೆಯ ಕೊನೆಯ ಪುಟದಲ್ಲಿ ಜಿಲ್ಲಾ ಕಚೇರಿಯ ಮುದ್ರೆಯೊಂದಿಗೆ ಒಂದು ಟಿಪ್ಪಣಿ ಇದೆ. ಪದಕದ ಪಿನ್ನು ಮುರಿದಿತ್ತು. ಊರಿನ ಅಕ್ಕಸಾಲಿಗ ಹೊಸದನ್ನು ಬೆಸೆದಾಗ ಅಚ್ಚಿನ ಸಂಖ್ಯೆ ಬೆಸುಗೆಯೊಳಗೆ ಮುಚ್ಚಿಹೋಯಿತು. ಹಾಗಾಗಿ ಅವನು ಅದೇ ಸಂಖ್ಯೆಯನ್ನು ಪಕ್ಕದಲ್ಲಿ ಸೂಜಿಯಿಂದ ಬರೆದಿದ್ದಾನೆ. ಆ ಅಕ್ಕಸಾಲಿಗನ ಹೆಸರು ಯಾರಿಗೂ ಗೊತ್ತಿಲ್ಲ. ತನ್ನ ಕೆಲಸ ಇನ್ನೊಬ್ಬನ ಗುರುತನ್ನು ಅಳಿಸಬಾರದೆಂಬ ಎಚ್ಚರ ಅವನಿಗಿತ್ತು.

ಖುಲಾನಳ ಎದುರಿಗೇ ನಾನು 143ನೆಯ ಪೊಟ್ಟಣ ಬಿಚ್ಚಿದೆ. ಮುಂಬದಿ ಹೊಸದರಂತಿತ್ತು. ಹಿಂದೆ ತಿರುಗಿಸಿದೆ. ಅದೂ ಹೊಸದರಂತಿತ್ತು.

ನಮ್ಮಲ್ಲಿ ಲೋಹ ಪರೀಕ್ಷಿಸುವವಳು ಮಸ್ತಾನಬಿ, ಎಪ್ಪತ್ತು ದಾಟಿದವಳು. ಪದಕವನ್ನು ಕಿಂಡಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ನಿಮ್ಮ ಮುತ್ಯಾನ ಕೈ ಭಾಳ ಸ್ವಚ್ಛ ಇತ್ತು ನೋಡವಾ ನೀಲಾ. ಕನ್ನಡಿ ಮಾಡಿಟ್ಟಾನ. ಇದರಾಗ ನನ್ನ ಮಾರಿ ಕಾಣಲತ್ತದ, ನಂಬರ್ ಒಂದು ಕಾಣವಲ್ದು.”

ಎರಡನೆಯ ನೋಟ್‌ಬುಕ್ ತೆಗೆದೆ. 2027ರ ಆಯುಧಪೂಜೆಯ ಹಿಂದಿನ ದಿನ ನೀವು ಉಳಿ, ಸುತ್ತಿಗೆಗಳ ಜೊತೆ ಪದಕಗಳನ್ನೂ ತೊಳೆದಿದ್ದೀರಿ. 143ರ ಮುಂದೆ ಹೀಗೆ ಬರೆದಿದ್ದೀರಿ: “ಸಂಖ್ಯೆ ಬೆಸುಗೆಯ ಕೆಳಗೆ ಹೋಗಿದೆ. ಪಕ್ಕದಲ್ಲಿ ಯಾರೋ ಸೂಜಿಯಿಂದ ಅಡ್ಡಾದಿಡ್ಡಿ ಗೀಚಿದ್ದಾರೆ. ಒಳ್ಳೆಯ ಬೆಳ್ಳಿಗೆ ಇಂಥ ಅವಮಾನ. ಹುಣಸೆಹಣ್ಣು, ಬೂದಿ, ಆಮೇಲೆ ಇದ್ದಿಲು ಹಾಕಿ ಅರ್ಧ ತಾಸು ತಿಕ್ಕಿದೆ. ಈಗ ಹೋಗಿದೆ.”

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ಬಿದರಿ ಕೆಲಸದಲ್ಲಿ ಗೀರು ಎಂದರೆ ಸೋಲು ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ನಡುಗುವ ಕೈ ಬರೆದ ಅಂಕಿಗಳು ನಿಮಗೆ ಬರಿಯ ಗೀರುಗಳಾಗಿ ಕಂಡಿರಬೇಕು. ಪುಸ್ತಿಕೆ ನಿಮ್ಮ ಹತ್ತಿರ ಇರಲಿಲ್ಲ. ಆ ಟಿಪ್ಪಣಿ ಓದಿದ್ದರೆ ನೀವು ಬೂದಿ ಮುಟ್ಟುತ್ತಿರಲಿಲ್ಲ.

ಬೆಸುಗೆ ಕರಗಿಸಿ ನೋಡಿದೆವು. ಕೆಳಗಿನ ಬೆಳ್ಳಿ ಅದರೊಡನೆ ಬೆರೆತುಹೋಗಿತ್ತು. ಲೋಹದ ಆಳದಲ್ಲಿ ಒತ್ತಡದ ಗುರುತು ಉಳಿದಿರಬಹುದೆಂದು ಮಸ್ತಾನಬಿ ಒಂಬತ್ತು ವಾರ ಪ್ರಯತ್ನಿಸಿದಳು. ಸೂಜಿಯ ಗೆರೆ ಅಷ್ಟು ಆಳ ಹೋಗಿರಲಿಲ್ಲ. ಆ ಚಳಿಗಾಲವೆಲ್ಲ ಖುಲಾನ್ ಮಸ್ತಾನಬಿಯ ಮನೆಯಲ್ಲೇ ಇದ್ದಳು, ಜೋಳದ ರೊಟ್ಟಿ ತಟ್ಟಿದಳು, ಅವಳ ಮಾತನ್ನೇ ಕಲಿತಳು. ಕೊನೆಯ ಪರೀಕ್ಷೆಯೂ ಬರಿದಾದ ದಿನ ಬೆಳಗಿನ ಪಾಳಿಯಲ್ಲಿ ನನ್ನ ಮೇಜಿನ ಎದುರು ಬಂದು ಕೂತಳು.

“ನೀಲಕ್ಕ, ನಿನ್ನ ಹತ್ರ ಸೂಜಿ ಅದ. ನಾಕೇ ಅಂಕಿ. ನಿನ್ನ ಕೈಯಾಗ ಕಸುಬು ಅದ.”

“ಮಂಡಳಿಯವರ ಹತ್ರ ಗೀರಿನ ವಯಸ್ಸು ಹೇಳೋ ಯಂತ್ರ ಅದ, ಖುಲಾನ್. ನಿನ್ನೆ ಗೀಚಿದ್ದು ನಿನ್ನೇದೇ ಅಂತ ಹೇಳ್ತದ. ಆಮ್ಯಾಲ ನಿಮ್ಮ ಮಂದಿಗೆ ಯಾವ ಕಣಿವೀನೂ ಸಿಗಲ್ಲ.”

“ಯಂತ್ರ ಇರಲಿಲ್ಲಂದ್ರ ಗೀಚ್ತಿದ್ದಿ?”

ನಾನು ಮೇಜಿನ ಮೇಲಿದ್ದ ಸೂಜಿಯನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದೆ.

ಅವಳೇ ನಕ್ಕಳು. “ನಮ್ಮ ಮುತ್ಯಾ ತೋಡಿದ, ನಿಮ್ಮ ಮುತ್ಯಾ ತಿಕ್ಕಿದ. ಇಬ್ರೂ ಕೆಲಸಗಾರ್ರೇ ಬಿಡು.”

ಇಪ್ಪತ್ತೈದರಂದು ನಾನು ಮಂಡಳಿಗೆ ತಂತಿಯ ಮೂಲಕ ವರದಿ ಕಳಿಸಿದೆ. ಪದಕ ನಿಜವಾದದ್ದು, ಪುಸ್ತಿಕೆ ನಿಜವಾದದ್ದು, ಎರಡೂ ಒಂದೇ ಜೋಡಿ ಎಂದು ತೋರಿಸುವ ಸಂಖ್ಯೆ ಪದಕದ ಮೇಲಿಲ್ಲ. ಮೂರೇ ವಾಕ್ಯ. ಮರುದಿನವೇ ಉತ್ತರ ಬಂತು. ಅದು ಒಂದೇ ವಾಕ್ಯ.

ಖುಲಾನ್ ನಿನ್ನೆ ಬೆಳಗಿನ ಪಾಳಿಯಲ್ಲಿ ಹೊರಟಳು. ನಲವತ್ತೊಂದು ಜನರಲ್ಲಿ ಎಷ್ಟು ಮಂದಿ ಉಳಿದಿರುತ್ತಾರೋ ಅವಳಿಗೂ ಗೊತ್ತಿಲ್ಲ. ಕುರಿಯ ಚರ್ಮ ಬಿಚ್ಚಿ ಪುಸ್ತಿಕೆಯನ್ನು ನನ್ನ ಮೇಜಿನ ಮೇಲಿಟ್ಟಳು. ಎರಡೂ ಒಂದೇ ಕೈಗೆ ಬಂದರೆ ಮುಂದೆಂದೂ ಜೋಡಿಸಾಕ್ಷಿಯಾಗಲಾರದು, ಕಾನೂನು ಹಾಗಿದೆ, ನೀನೇ ಇಟ್ಟುಕೋ ಎಂದು ಮೂರು ಸಲ ಹೇಳಿದೆ.

“ಗೊತ್ತದ,” ಎಂದಳು. “ಇನ್ನ ಯಾರ ಮುಂದೆ ಸಾಕ್ಷಿ ಹೇಳಬೇಕಾಗ್ಯದ? ಇನ್ನೂರು ವರ್ಷಕ್ಕ ಸಿಕ್ಕಾವ. ಜೋಡಿ ಇರ್ಲಿ.”

ಈಗ ಅವೆರಡೂ 143ನೆಯ ಪೊಟ್ಟಣದಲ್ಲಿವೆ. ನಿಮ್ಮ ಸಂಗ್ರಹದಲ್ಲಿ ಪುಸ್ತಿಕೆ ಸಿಕ್ಕ ಎಪ್ಪತ್ತೇಳನೆಯ ಪದಕ ಇದು. ಪಟ್ಟಿಯಲ್ಲಿ ನೀವು ಖಾಲಿ ಬಿಟ್ಟಿದ್ದ ಜಾಗವನ್ನು ನಾನು ತುಂಬಿದ್ದೇನೆ. ನಿಮಗೆ ಸಂತೋಷವಾಗುತ್ತಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಹಬ್ಬದ ಹಿಂದಿನ ದಿನ ಬೂದಿಗೆ ಕೈ ಹಾಕುವ ಮೊದಲು ಪದಕವನ್ನು ಒಮ್ಮೆ ಓರೆಯಾಗಿ ಬೆಳಕಿಗೆ ಹಿಡಿಯಿರಿ. ತಿಕ್ಕಲೇಬೇಕೆಂದರೆ ತಿಕ್ಕಿ, ಆದರೆ ಕಂಡದ್ದನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಬರಹ ಖುಲಾನಳ ಮನೆಯವರ ಕೈಗೆ ಎಂದೂ ಹೋಗಿಲ್ಲ. ಅದರಲ್ಲಿ ಸಂಖ್ಯೆ ಇದ್ದಿದ್ದರೆ ಮಂಡಳಿ ಒಪ್ಪುತ್ತಿತ್ತು. ಸಂಖ್ಯೆ ಯಾವುದೆಂದು ನನಗೆ ಗೊತ್ತು, ಪುಸ್ತಿಕೆ ಎದುರಿಗೇ ಇದೆ. ಆದರೂ ಇಲ್ಲಿ ಬರೆಯುವುದಿಲ್ಲ. ನನ್ನಿಂದ ತಿಳಿದು ಬರೆದರೆ ಅದು ಸಾಕ್ಷಿಯಲ್ಲ. ನೀವೇ ಕಣ್ಣಾರೆ ಓದಬೇಕು.

ಈ ಪತ್ರವನ್ನು ಕಳಿಸುವ ದಾರಿ ಇಲ್ಲ. ನೋಟ್‌ಬುಕ್ಕಿನ ಆ ಪುಟದೊಳಗೆ ಇಡುತ್ತೇನೆ. ಆ ದಿನ ನಿಮ್ಮ ಕೈ ಕೊನೆಯದಾಗಿ ಮುಟ್ಟಿದ ಜಾಗ ಅದೊಂದೇ ನನಗೆ ಗೊತ್ತಿರುವುದು.

ನಿಮ್ಮ,
ನೀಲಾಂಬಿಕೆ ಹಳ್ಳಿಖೇಡ

ಮಾರ್ಚ್ 3. ಪತ್ರ ಇಟ್ಟು ಮೂರು ದಿನವಾಯಿತು. ಇಂದು ಬೆಳಿಗ್ಗೆಯೂ ಪುಟ ತೆರೆದು ನೋಡಿದೆ. “ಈಗ ಹೋಗಿದೆ” ಎಂದೇ ಇದೆ.