ತಾಯಿ ಕೊಟ್ಟ ಒಲೆ, ಇಬ್ಬರೂ ಕಳಿಸಿದ ಬಾಗಿಲಾಳು

ಹಗರಿ ದಂಡೆಯ ಕರಿಗಂಬಳಿಹಟ್ಟಿ,
ಉಣ್ಣೆ ಕತ್ತರಿಸುವ ಕಾಲ, ಇಸವಿ ಎರಡು ಸಾವಿರದ ಮುನ್ನೂರ ಎಪ್ಪತ್ತನಾಲ್ಕು

ನಮಗಿಂತ ಬಹಳ ಮುಂಚೆ ಬದುಕಿದ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ, ನಮಗೆ ಇದು ಇವತ್ತು. ನಮ್ಮ ಕೆಲವು ಮಾತುಗಳು ನಿಮ್ಮ ಕಿವಿಗೆ ಹೊಸದಾಗಿ ಕೇಳಿಸಿದರೆ ಮನ್ನಿಸಿ. ಅರ್ಥ ಹೇಳುತ್ತಲೇ ಹೋಗುತ್ತೇನೆ.

ಈ ಕಥೆಯನ್ನು ಮೊದಲು ಹೇಳಿದವಳು ಸಿರಿಯವ್ವ. ನಮ್ಮಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ, ಇದೇ ಉಣ್ಣೆ ಕತ್ತರಿಸುವ ಕಾಲದಲ್ಲಿ, ಕುರಿಗಳನ್ನು ರೊಪ್ಪಕ್ಕೆ ಕೂಡಿದ ಮೇಲೆ ಕೂತು ಹೇಳಿದಳಂತೆ. ಅಜ್ಜಿಯ ಬಾಯಿಂದ ನಾನು ಕೇಳಿದೆ. ಈಗ ನಿಮಗೆ ಹೇಳುತ್ತಿದ್ದೇನೆ.

ನಮ್ಮ ಬಿಸಿಲು ನಿಮ್ಮದಕ್ಕಿಂತ ಚುರುಕು. ಬೆಳಗಿನ ತಂಪಿನಲ್ಲಿ ಕೆಲಸ, ಮಧ್ಯಾಹ್ನ ನಿದ್ದೆ. ಒರಟು ಉಣ್ಣೆಯಲ್ಲಿ ಮಂಜುಬಲೆ ನೇಯ್ದು ಗುಡ್ಡದ ಮೇಲೆ ಕಟ್ಟುತ್ತೇವೆ. ಇಬ್ಬನಿ ಅದರಲ್ಲಿ ಕೂತು, ತೊಟ್ಟಿಕ್ಕಿ, ಬೆಳಗಾಗುವಷ್ಟರಲ್ಲಿ ಕೊಡ ತುಂಬುತ್ತದೆ. ಸಿರಿಯವ್ವನ ಅಪ್ಪ ಪಾಲಯ್ಯ ಅಂಥ ಬಲೆ ನೇಯುವುದರಲ್ಲಿ ಹೆಸರು ಮಾಡಿದವನು. ತಾಯಿ ಮೊದಲೇ ತೀರಿಹೋಗಿದ್ದಳು. ಸಿರಿಯವ್ವನಿಗೆ ಇನ್ನೂ ಮದುವೆಯಾಗಿರಲಿಲ್ಲ, ಆಗ ರಕ್ತದ ಕ್ಯಾನ್ಸರ್ ಬಂತು.

ನೀವು ಮೈಟೊಕಾಂಡ್ರಿಯ ಎನ್ನುವುದನ್ನು ನಾವು ಒಳಒಲೆ ಎನ್ನುತ್ತೇವೆ. ಜೀವಕೋಶಕ್ಕೆ ಬೇಕಾದ ಕಸುವೆಲ್ಲ ಹೆಚ್ಚಾಗಿ ಅಲ್ಲೇ ಬೇಯುವುದು. ಆ ಒಲೆಗಳನ್ನು ಹತೋಟಿಯಲ್ಲಿಡುವ ಪ್ರೋಟೀನ್‌ಗಳಿಗೆ ನಮ್ಮಲ್ಲಿ ಒಲೆಯಾಳು ಎಂದು ಹೆಸರು. ಕೆಲವರು ಒಲೆಗಳನ್ನು ಕೂಡಿಸುತ್ತಾರೆ, ಕೆಲವರು ಒಡೆದು ಬೇರೆ ಮಾಡುತ್ತಾರೆ, ಕೆಲವರು ಉರಿ ಏರಿಸಿ ಇಳಿಸುತ್ತಾರೆ. ಬಾಗಿಲು ಕಾಯುವವರೂ ಇದ್ದಾರೆ, ಅವರೇ ಬಾಗಿಲಾಳುಗಳು. ಜೀವಕೋಶ ಕೆಟ್ಟಾಗ ಒಲೆಯ ಬಾಗಿಲು ತೆರೆದು, ಒಳಗಿನದು ಹೊರಚೆಲ್ಲಿ, ಅದು ತಾನಾಗಿ ಸದ್ದಿಲ್ಲದೆ ಸಾಯಬೇಕು. ಕೆಲವು ಕ್ಯಾನ್ಸರ್‌ಗಳಲ್ಲಿ ಬಾಗಿಲಾಳು ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಡುತ್ತಾನೆ. ಸಾಯಬೇಕಾದ್ದು ಸಾಯದೆ ಹೆಚ್ಚುತ್ತಲೇ ಹೋಗುತ್ತದೆ. ಆ ಆಳನ್ನು ಅಲ್ಲಿಂದ ಎಬ್ಬಿಸುವ ಮದ್ದು ನಿಮ್ಮ ಕಾಲದಲ್ಲೇ ಶುರುವಾಯಿತು. ನಮ್ಮ ಕಾಲಕ್ಕೆ ಒಬ್ಬೊಬ್ಬ ಆಳಿಗೂ ಬೇರೆ ಬೇರೆ ಮದ್ದು ಉಂಟು. ಬಾಗಿಲು ಹಿಡಿದಿರುವವನು ಯಾರು ಎಂದು ಗುರುತಿಸುವುದೇ ಕಷ್ಟ. ರಕ್ತವೆಲ್ಲ ಕೆಟ್ಟಿರುವಾಗ ಯಾವ ಆಳಿನ ಚಹರೆ ಹುಟ್ಟಿನಿಂದ ಬಂದದ್ದು, ಯಾವುದನ್ನು ರೋಗ ತಿದ್ದಿದ್ದು ಎಂದು ತಿಳಿಯಲು ಬಂಧುಗಳ ರಕ್ತದ ಜೊತೆ ಹೋಲಿಸಿ ನೋಡುತ್ತಾರೆ.

ಅದಕ್ಕಾಗಿ ನಮ್ಮಲ್ಲೊಂದು ಪದ್ಧತಿ ಇತ್ತು, ಒಲೆಸಾಲು ಅಂತ. ರೋಗಿಯ ತಾಯಿ ಕಡೆಯವರು ಜಗಲಿ ಮೇಲೆ ಸಾಲಾಗಿ ಕೂತು ರಕ್ತ ಕೊಡುತ್ತಿದ್ದರು, ತಂದೆ ಕಡೆಯವರು ಅವರಿಗೆ ಅಡುಗೆ ಮಾಡಿ ಬಡಿಸುತ್ತಿದ್ದರು. ಮಗುವಿಗೆ ಒಳಒಲೆ ಬರುವುದು ತಾಯಿಯಿಂದ ಮಾತ್ರ ಎಂದು ಊರಿಗೆಲ್ಲ ಗೊತ್ತಿತ್ತು. ಅದು ನಿಜ ಕೂಡ. ಹಾಗಾಗಿ ಒಲೆಯ ರೋಗಕ್ಕೆ ತಂದೆ ಕಡೆಯವರ ರಕ್ತ ಏಕೆ ಎಂದು ಯಾರೂ ಯೋಚಿಸಿರಲಿಲ್ಲ.

ಸಿರಿಯವ್ವನ ಒಲೆಸಾಲಿಗೆ ತಾಯಿಯ ತಂಗಿ ಬೋಸಕ್ಕ, ಅವಳ ಅಣ್ಣತಮ್ಮಂದಿರು, ಮಕ್ಕಳು ಎಲ್ಲ ಬಂದರು. ರಕ್ತ ಪೇಟೆಯ ಆಸ್ಪತ್ರೆಗೆ ಹೋಯಿತು. ಹುಡುಗಿಯಲ್ಲಿ ಒಬ್ಬ ಬಾಗಿಲಾಳಿನ ಚಹರೆ ವಿಚಿತ್ರವಾಗಿತ್ತು, ಸಾಲಿನಲ್ಲಿ ಕೂತ ಯಾರಲ್ಲೂ ಅಂಥದ್ದು ಇರಲಿಲ್ಲ. ಇವನೇ ಕಳ್ಳ ಎಂದು ಅವನಿಗೆ ಮದ್ದು ಕೊಟ್ಟರು. ಹುಡುಗಿ ಸೊರಗುತ್ತಲೇ ಹೋದಳು. ಮಗ್ಗದ ಮುಂದೆ ಕೂರುವ ಶಕ್ತಿಯೂ ಉಳಿಯಲಿಲ್ಲ.

ಆಗ ಮಾತು ಶುರುವಾಯಿತು. ಪಾಲಯ್ಯನ ಅಕ್ಕ ಗಾದ್ರಕ್ಕ ಬಾಯಿ ಬಿಟ್ಟರೆ ಹಗರಿ ಆಚೆ ದಂಡೆಗೂ ಕೇಳಬೇಕು. "ನಿಮ್ಮ ಮನೆ ಒಲೆನೇ ಸರಿಯಿಲ್ಲ ಕಣೇ ಬೋಸಕ್ಕ. ನಮ್ಮ ಹುಡುಗಿಗೆ ಅದನ್ನೇ ಕೊಟ್ಟು ಕಳಿಸಿದ್ರಿ" ಅಂದಳು.

"ಒಲೆ ಕೊಟ್ಟೋರು ನಾವು, ಒಪ್ಕಂತೀವಿ. ನೀವೇನು ಕೊಟ್ರಿ? ಬರೀ ಬಾಯಿನಾ?" ಅಂದಳು ಬೋಸಕ್ಕ.

ಮದ್ದು ಹಿಡಿಯಲಿಲ್ಲ ಎಂದು ತಿಳಿದು ಅದನ್ನು ಕೊಟ್ಟ ಡಾಕ್ಟರ್ ಶಕೀಲಾ ಪೇಟೆಯಿಂದ ತಾವೇ ಹಟ್ಟಿಗೆ ಬಂದರು. ಮತ್ತೆ ಒಲೆಸಾಲು ಕೂತಿತು. ಸಾಲನ್ನು ಒಂದು ಸಲ ನೋಡಿ ಅವರು, "ತಂದೆ ಕಡೆಯೋರು ಎಲ್ಲಿ?" ಎಂದು ಕೇಳಿದರು.

"ಒಳಗೆ ಮುದ್ದೆ ತಿರುವ್ತಾವ್ರೆ ಡಾಕ್ಟ್ರವ್ವ" ಅಂದ ಪಾಲಯ್ಯ.

"ರಕ್ತ ಕೊಟ್ಟಿಲ್ವಾ?"

"ಒಲೆ ನಮ್ಮದಲ್ವಲ್ಲ ತಾಯಿ."

ಡಾಕ್ಟರ್ ಹಣೆಗೆ ಕೈ ಹಚ್ಚಿ ಜಗಲಿ ಮೇಲೆ ಕೂತುಬಿಟ್ಟರಂತೆ. "ಬಂಧುಗಳು ಅಂದ್ರೆ ಎಲ್ಲರೂ ಬಂದಿರ್ತಾರೆ ಅಂದ್ಕೊಂಡೆ, ಕೇಳಬೇಕಿತ್ತು. ನೋಡಪ್ಪ, ಒಲೆ ತಾಯಿ ಮನೇದು ಸರಿ. ಆದರೆ ಆಳುಗಳನ್ನ ಗೊತ್ತು ಮಾಡೋ ಬರಹ ಒಲೆಯೊಳಗಿರೋದು ತೀರ ಕಮ್ಮಿ. ಹೆಚ್ಚಿನದೆಲ್ಲ ಜೀವಕೋಶದ ನಡುಮನೇಲಿದೆ. ನಡುಮನೆಗೆ ಅಪ್ಪ ಅವ್ವ ಇಬ್ರೂ ಪಾಲು ಕೊಟ್ಟಿರ್ತಾರೆ. ಬಾಗಿಲಾಳುಗಳು ಅಲ್ಲಿಂದ ಬರೋರು." ನೀವು ನ್ಯೂಕ್ಲಿಯಸ್ ಎನ್ನುವುದೇ ನಮ್ಮ ನಡುಮನೆ.

ಗಾದ್ರಕ್ಕ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು ತೋಳು ಚಾಚಿದಳು. "ತಗಾ ತಾಯಿ, ಎಷ್ಟು ಬೇಕೋ ತಗಾ. ಹುಡುಗಿ ಉಳೀಲಿ."

ಆ ವಿಚಿತ್ರ ಬಾಗಿಲಾಳು ಗಾದ್ರಕ್ಕನೊಳಗೂ ಇದ್ದ. ಮುದುಕಿಯಾಗುವವರೆಗೂ ಅವಳಿಗೆ ಒಂದು ದಿನ ಕೆಮ್ಮು ಬಂದದ್ದಿಲ್ಲ. ಅಂದರೆ ಅವನು ಮನೆತನದವನು, ನೋಡಲು ಸೊಟ್ಟ, ಸ್ವಭಾವದಲ್ಲಿ ಸಾಧು. ಸಿರಿಯವ್ವನ ರಕ್ತದಲ್ಲಿ ಅವನ ಪಕ್ಕ ಸಾಮಾನ್ಯನಂತೆ ಕಾಣುವ ಇನ್ನೊಬ್ಬ ಬಾಗಿಲಾಳು ಇದ್ದ. ರೋಗ ಅವನನ್ನೇ ಲೆಕ್ಕವಿಲ್ಲದಷ್ಟು ಮಾಡಿ ಬಾಗಿಲಿಗೆ ಒತ್ತರಿಸಿತ್ತು. ಮದ್ದು ಬದಲಾಯಿತು. ಮುಂದಿನ ಉಣ್ಣೆ ಕತ್ತರಿಸುವ ಕಾಲಕ್ಕೆ ಸಿರಿಯವ್ವ ಮಗ್ಗದ ಮುಂದೆ ಕೂತಳು. ಬೋಸಕ್ಕ ಮಾತ್ರ ಬಿಡಲಿಲ್ಲ. "ಸೊಟ್ಟಗಿದ್ರೂ ಸಾಧು ಅಂತೆ ಕಣೇ ಗಾದ್ರಕ್ಕ. ನಿನ್ನ ಮೈಯಾಗೆ ಸಾಧು ಆಗಿರೋದು ಅದೊಂದೇ" ಅಂದಳಂತೆ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರಂತೆ.

ಆ ಎರಡನೆಯ ಮದ್ದು ಎಲ್ಲಿಂದ ಬಂತು ಎಂದು ಸಿರಿಯವ್ವ ಕೇಳಿದ್ದಳು. ನಿಮ್ಮ ಕಾಲದಲ್ಲಿ ಅದೇ ರೋಗ ಬಂದ ಯಾರೋ ಒಬ್ಬರು, ತಮಗೆ ಉಪಯೋಗವಿಲ್ಲ ಎಂದು ಗೊತ್ತಿದ್ದೂ ತಮ್ಮ ರಕ್ತವನ್ನು ಈ ರೋಗದ ಬಗ್ಗೆ ಸಂಶೋಧನೆ ಮಾಡುವವರಿಗೆ ಕೊಟ್ಟರಂತೆ. ಆ ಎರಡನೆಯ ಬಾಗಿಲಾಳಿನ ಗುರುತು ಮೊದಲು ಸಿಕ್ಕಿದ್ದು ಅವರಲ್ಲಿ. ಅವರ ಹೆಸರು ನಮಗೆ ಗೊತ್ತಿಲ್ಲ. ಹೆಂಗಸೋ ಗಂಡಸೋ, ಯಾವ ಊರೋ, ಅದೂ ಗೊತ್ತಿಲ್ಲ. ಸಿರಿಯವ್ವನಿಗೆ ಮೂವರು ಮಕ್ಕಳಾದರು. ಈ ಹಟ್ಟಿಯಲ್ಲಿ ಈಗ ಮಂಜುಬಲೆ ನೇಯುವ ಅರ್ಧ ಜನ ಅವಳ ವಂಶದವರು. ಈ ಕಾಗದ ಓದುತ್ತಿರುವ ನೀವೇ ಅವರಾಗಿದ್ದರೆ, ಅಥವಾ ಅವರ ಮನೆಯವರಾಗಿದ್ದರೆ, ನಮ್ಮೆಲ್ಲರ ಕೈಮುಗಿತ ತೆಗೆದುಕೊಳ್ಳಿ. ನಿಮ್ಮಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಕಣ್ಣು ಬತ್ತಿಸಿಕೊಂಡವರಿಗೂ ಇದು ಸಲ್ಲುತ್ತದೆ. ಒಂದೇ ಒಂದು ಕೇಳಿಕೆ: ಮನೆಯಲ್ಲಿ ಯಾರಿಗಾದರೂ ಈ ರೋಗ ಬಂದರೆ, ಯಾರ ಕಡೆಯ ತಪ್ಪು ಎಂದು ಹುಡುಕಬೇಡಿ. ಎರಡೂ ಕಡೆಯವರನ್ನು ಕರೆದು ಕೂರಿಸಿ.

ಸಿರಿಯವ್ವ ಕಥೆ ಮುಗಿಸಿದ ಮಾರನೆಯ ಬೆಳಿಗ್ಗೆ ಕುರಿಗಳಿಗೆ ಕತ್ತರಿ ಹಾಕುವ ಮುಂಚೆ ಕೇಳಿದವರೆಲ್ಲ ಜಗಲಿಗೆ ಬಂದರು. ತಂದೆ ಕಡೆಯವರು, ತಾಯಿ ಕಡೆಯವರು ಒಂದೇ ಸಾಲಿನಲ್ಲಿ ಕೂತು, ಮುಂದೆ ಯಾರಿಗಾದರೂ ಬೇಕಾದೀತೆಂದು ರಕ್ತ ಕೊಟ್ಟು ಕಳಿಸಿದರು. ಎಲ್ಲರೂ ಹೊರಗೆ ಕೂತಿದ್ದರಿಂದ ಒಳಗೆ ಮುದ್ದೆ ಗಂಟುಗಂಟಾಗಿತ್ತು. ಬಡಿಸುವಾಗ ಸಾಲಿನ ಕೊನೆಯಲ್ಲಿ ಒಂದು ಎಲೆ ಹೆಚ್ಚು ಹಾಕಿದರು. ಅದು ಯಾರಿಗೆ ಎಂದು ನಮ್ಮಜ್ಜಿ ಕೇಳಿದಳಂತೆ. ಸಿರಿಯವ್ವ ಆ ಎಲೆಗೂ ಒಂದು ಮುದ್ದೆ ಇಟ್ಟು, ಸಾರು ಬಿಟ್ಟು, "ಮೊದಲು ಕೊಟ್ಟೋರಿಗೆ" ಅಂದಳು. ಆಮೇಲೆ ಎಲ್ಲರೂ ಗಂಟಿನ ಮುದ್ದೆಯನ್ನೇ ಉಂಡು, ಕತ್ತರಿ ಹಿಡಿದು ರೊಪ್ಪದ ಕಡೆ ನಡೆದರು.