ವಾರಂಟಿ ಇರೋತನಕ

21 ಸೆಪ್ಟೆಂಬರ್, ರವಿವಾರ. ಬೆಳಿಗ್ಗೆ 6.40

ಟೈರಿನ ಗಾಳಿ ಸರಿ. ಆಯಿಲ್ ಸರಿ. ಕೂಲಂಟ್ ಒಂದು ಬೆರಳು ಕಡಿಮೆ. ಶೋರೂಮಿನದ್ದೇ ಹಾಕಿಸಬೇಕು, ಬಿಲ್ ಫೈಲಿಗೆ ಸೇರಿಸಬೇಕು.

ಇವತ್ತು ಅಮಾವಾಸ್ಯೆ. ಅತ್ತೆ ರೇಣುಕವ್ವ ಬಾನೆಟ್ ತೆಗೆಸಿಯೇ ಪೂಜೆ ಮಾಡುವವರು. ಬ್ಯಾಟರಿ, ಪೈಪು, ಡಬ್ಬಿ... ಕೈಗೆ ಸಿಕ್ಕಿದ್ದಕ್ಕೆಲ್ಲ ವಿಭೂತಿ, ಕುಂಕುಮ.

"ಸಾಕ ಬಿಡ್ರಿ ಅತ್ತಿ."

"ಸುಮ್ನಿರ ಬೇ. ದಿನಾ ಬಬಲೇಶ್ವರದ ಸಾಲಿಗೆ ಒಬ್ಬಾಕಿನ ಹೋಗಿ ಬರ್ತಿ. ಕಾಯಾಕ ದೇವ್ರು ಬ್ಯಾಡೇನು?"

ಕೆಂಪು ಬಣ್ಣ, ಟರ್ಬೊ ಎಂಜಿನ್. ತಿಕೋಟಾದಲ್ಲಿ ಇಂಥ ಕಾರು ಇದೊಂದೇ. ಶಾಲೆಯ ನನ್ನ ಪಗಾರದಲ್ಲಿ ಕೊಂಡದ್ದು. ಆದರೂ ಕೊನೆಯ ಮಾತು ಗಂಡನದು. ತಂದ ದಿನವೇ ಹೇಳಿದ್ದರು: "ವಾರಂಟಿ ಇರೋತನಕ ಗಾಡಿ ಇರಲಿ ವಿಜಯಾ. ಕೈಯಿಂದ ರೊಕ್ಕ ಹಾಕಿ ರಿಪೇರಿ ಮಾಡಸೂ ಪಾಳಿ ಬಂತಂದ್ರ ಅವತ್ತ ಮಾರೂದು. ಮತ್ತ ನಿನಗ ಬಸ್ಸ ಗತಿ."

ಇನ್ನೂ ಹದಿನಾಲ್ಕು ತಿಂಗಳಿದೆ.

28 ಸೆಪ್ಟೆಂಬರ್, ರವಿವಾರ

ವಿಜಯಪುರ. ಬೀರಣ್ಣನ ಗ್ಯಾರೇಜು. ಎಷ್ಟು ದಿನದ ಆಸೆ! ಕಂಪನಿಯ ಏರ್ ಫಿಲ್ಟರ್ ಡಬ್ಬಿ ತೆಗೆಸಿ, ಓಟ ಜೋರಾಗಲಿ ಅಂತ ಡಬ್ಬಿಯಿಲ್ಲದೆ ನೇರ ಗಾಳಿ ಎಳೆಯುವ ಬಯಲು ಫಿಲ್ಟರ್ ಹಾಕಿಸಿದೆ. ವಾರಂಟಿಗೆ ಏನಾದರೂ ಆಗುತ್ತದೆಯೇ ಅಂತ ಹತ್ತು ಸಲ ಕೇಳಿದೆ.

"ಒಂದ ವೈರ್ ಕಡಿದಿಲ್ರಿ ಮೇಡಂ, ಒಂದ ತೂತ ಹೊಡದಿಲ್ಲ. ಸರ್ವಿಸಿಂಗ್ ಮುಂದ ಹಳೇ ಡಬ್ಬಿ ಕುಂದ್ರಸ್ರಿ. ಯಾರಪ್ಪಗೂ ಗೊತ್ತಾಗೂದಿಲ್ಲ."

ಇಟ್ಟಂಗಿಹಾಳ ದಾಟಿದ ಮೇಲೆ ಆಕ್ಸಿಲರೇಟರ್ ಒತ್ತಿದೆ. ಅಬ್ಬಾ, ಆ ಉಸಿರೆಳೆಯುವ ಸದ್ದು! ಒಬ್ಬಳೇ ಜೋರಾಗಿ ನಕ್ಕೆ.

ಹಳೆಯ ಡಬ್ಬಿಯನ್ನು ಸೋಪು ಹಾಕಿ ತೊಳೆದೆ. ಒರೆಸಿದೆ. ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೇರಿಸಿದೆ. ನನ್ನ ಅಚ್ಚುಕಟ್ಟಿಗೆ ನಾನೇ ಶಭಾಷ್ ಅಂದುಕೊಂಡೆ.

10 ನವೆಂಬರ್, ಸೋಮವಾರ

ಕಬ್ಬಿನ ಟ್ರ್ಯಾಕ್ಟರ್ ಶುರುವಾದಾಗಿನಿಂದ ದಾರಿ ತುಂಬ ಧೂಳು. ಮೂರು ದಿನದಿಂದ ಕಾರಿಗೆ ದಮ್ಮಿಲ್ಲ. ಇವತ್ತು ಸಿಳ್ಳೆಯಂಥ ಸದ್ದು, ನೀಲಿ ಹೊಗೆ, ಮೀಟರಿನಲ್ಲಿ ಎಂಜಿನ್ನಿನ ಹಳದಿ ದೀಪ.

ಅಟ್ಟ ಹತ್ತಿದೆ. ನಾನೇ ಸ್ಪ್ಯಾನರ್ ಹಿಡಿದು ಹಳೆಯ ಡಬ್ಬಿ ಕೂರಿಸಿದೆ.

12 ನವೆಂಬರ್, ಬುಧವಾರ. ಮಧ್ಯಾಹ್ನ 3.30

ಶೋರೂಮು. ಎಂಜಿನ್ನಿಗೆ ಗಾಳಿ ದೂಡುವ ಟರ್ಬೊ ಹೋಗಿದೆಯಂತೆ. ಇಂಜಿನಿಯರ್ ಕುನಾಲ ಬಾನೆಟ್ಟಿನೊಳಗೆ ಇಣುಕಿದ.

"ಮೇಡಂ, ಅಮಾಸಿ ಪೂಜಾ ಮಾಡ್ತೀರೇನ್ರಿ?"

"ಹ್ಞೂಂ. ನಮ್ಮ ಅತ್ತಿ."

"ನಮ್ಮವ್ವನೂ ಹಿಂಗ ಮಾಡ್ತಾಳ್ರಿ. ಬ್ಯಾಟರಿಗೆ ಕುಂಕುಮ ಐತಿ, ಪೈಪಿಗೆ ಐತಿ, ಬೋಲ್ಟಿಗೂ ಐತಿ. ಈ ಡಬ್ಬಿ ಒಂದಕ್ಕ ಯಾಕ ಹಚ್ಚಿಲ್ರಿ?"

ಆತ ಪೈಪು ಬಿಚ್ಚಿ ಬೆರಳು ಆಡಿಸಿದ. ಬೆರಳ ತುಂಬ ಕರಿ ಧೂಳು.

"ತಪ್ಪು ತಿಳ್ಕೋಬ್ಯಾಡ್ರಿ. ಬ್ಯಾರೆ ಫಿಲ್ಟರ್ ಹಾಕಿ ಧೂಳ ಒಳಗ ಹೋಗೇತಿ, ಟರ್ಬೊಕ್ಕ ವಾರಂಟಿ ಬರೂದಿಲ್ಲ."

ಅದೇ ದಿನ. ಸಂಜೆ

ಸಿಟ್ಟೆಲ್ಲ ಅತ್ತೆಯ ಮೇಲೆ ಹೋಯಿತು. "ನಿಮ್ಮ ಕುಂಕುಮದಿಂದ ನನ್ನ ಗಾಡಿ ಹೋತು" ಅಂದುಬಿಟ್ಟೆ. "ನನ್ನ ಕೈಯಿಂದಾನ ಆತೇನ ಬೇ?" ಅಂತ ಕೇಳಿದರು. ಪಾಪ, ಕೈ ನೋಡಿಕೊಂಡರು. ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ನಾನು ಎಂಥ ಹೆಂಗಸು!

ಗಂಡ ಬಯ್ಯಲಿಲ್ಲ. "ಮಾತಂದ್ರ ಮಾತು" ಅಂದರು, ಅಷ್ಟೇ.

30 ನವೆಂಬರ್, ರವಿವಾರ

ಮಾರುವ ಮಟ್ಟಿಗೆ ಓಡಲಿ ಅಂತ ಯಾವುದೋ ಹಳೆಯ ಕಾರಿನ ಟರ್ಬೊ ತಂದು ಬೀರಣ್ಣ ಕೂರಿಸಿದ್ದಾನೆ. ಎಷ್ಟು ದಿನ ಬರುತ್ತದೆ ಅಂದರೆ ಮೇಲೆ ಕೈ ತೋರಿಸಿದ. ಗಿರಾಕಿ ಸಿಕ್ಕಿದ್ದಾಳೆ. ಗಂಡ ನನಗೆ ಪಾಠ ಹೇಳಿಕೊಟ್ಟರು: "ಕೇಳಿದ್ರ ವಾರಂಟಿ ಐತಿ ಅನ್ನು. ಪುಸ್ತಕದಾಗ ತಾರೀಖ ಐತ್ಯೋ ಇಲ್ಲೋ?"

7 ಡಿಸೆಂಬರ್, ರವಿವಾರ

ಕಳ್ಳಕವಟಗಿಯ ವಿಶಾಖಾ. ನರ್ಸ್. ಮೊದಲ ಕಾರು. ಸ್ಟೇರಿಂಗ್ ಮೇಲೆ ಕೈಯಿಟ್ಟು ಒಬ್ಬಳೇ ನಕ್ಕಳು.

"ಅಕ್ಕಾರ, ವಾರಂಟಿ ಇನ್ನಾ ಐತಲ್ರಿ? ಅದೊಂದ ಧೈರ್ಯದ ಮ್ಯಾಲ ತಗೋಳಾಕತ್ತೇನ್ರಿ."

ಗಂಡ ನನ್ನನ್ನೇ ನೋಡುತ್ತಿದ್ದರು. "ಐತಿ" ಅಂದೆ.

16 ಡಿಸೆಂಬರ್, ಮಂಗಳವಾರ. ಸಂಜೆ 5.50

ಬಬಲೇಶ್ವರ ಬಸ್ ಸ್ಟ್ಯಾಂಡ್. ಬಸ್ಸಿಲ್ಲ. ನಿಜ ಹೇಳಿಬಿಡೋಣ ಅಂತ ವಿಶಾಖಾಳ ನಂಬರು ಎರಡು ಸಲ ಒತ್ತಿದೆ. ರಿಂಗಾಗುವ ಮೊದಲೇ ಕಟ್ ಮಾಡಿದೆ.

5.58

ಅವಳೇ ಫೋನ್ ಮಾಡಿದಳು. ದನಿಯಲ್ಲಿ ಗಾಬರಿಯೇ ಇಲ್ಲ.

"ಅಕ್ಕಾರ, ಗಾಡಿ ನಡುದಾರ್‍ಯಾಗ ನಿಂತೈತ್ರಿ, ನೀಲಿ ಹೊಗಿ ಬರಾಕತ್ತೈತಿ. ನಾ ಏನ್ ಅಂಜಿಲ್ರಿ, ಹೆಂಗೂ ವಾರಂಟಿ ಐತಿ ಅಂದೀರಲ್ಲ... ಯಾವ ನಂಬರಿಗೆ ಹಚ್ಚಬೇಕ್ರಿ?"

ಲೈನಿನಲ್ಲಿ ಇನ್ನೂ ಕಾಯುತ್ತಿದ್ದಾಳೆ. ನಂಬರು ಬರೆದುಕೊಳ್ಳಲು ಪೆನ್ನು ತೆಗೆದಿದ್ದಾಳಂತೆ. ನಾನು —